ದಾನಿಯ ವಯಸ್ಸೂ ನಮ್ಮ ನೆಪಗಳೂ

ಎತ್ತಿನ ಬಾಯಿ ತೆರೆದು ಹಲ್ಲೆಣಿಸಿ ಅದರ ವಯಸ್ಸನ್ನು ಹೇಳುವ ವಿದ್ಯೆಯಲ್ಲಿ ನಮ್ಮ ಸೀಮೆಯವರು ಯಾರಿಗೂ ಕಡಿಮೆಯಲ್ಲ. ಅಜ್ಜಂಪುರವಂತೂ ಅಮೃತಮಹಲ್ ತಳಿಯ ಸಂವರ್ಧನೆಗೆ ಹೆಸರಾದ ಊರು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡದೆ ಇಲ್ಲಿಯ ರೈತನು ಹಣದ ಗಂಟು ಬಿಚ್ಚುವುದಿಲ್ಲ. ಉಳುವ ಪ್ರಾಣಿಯ ವಿಷಯದಲ್ಲಿ ಇದು ವಿವೇಕವೇ ಸರಿ. ಆದರೆ ಮನುಷ್ಯನು ಮನುಷ್ಯನಿಗೆ ಕೊಡುವ ಅಂಗದ ವಿಷಯದಲ್ಲಿಯೂ ಇದೇ ಸಂತೆಯ ಕಣ್ಣು ನಮ್ಮಲ್ಲಿ ಬೆಳೆದಿದೆ. ಮತ್ತು ಆ ಕಣ್ಣಿನ ಲೆಕ್ಕವು ಬಹುಮಟ್ಟಿಗೆ ತಪ್ಪಾಗಿದೆ. ಇದನ್ನು ವಾಚಕರ ಮುಂದೆ ತುಸು ಖಾರವಾಗಿಯೇ ಇಡಬೇಕಾಗಿದೆ.

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ನೇತ್ರದಾನದ ಅಥವಾ ಅಂಗದಾನದ ಮಾತೆತ್ತಿದರೆ ಅರುವತ್ತು ದಾಟಿದ ಹಿರಿಯರಿಂದ ಬರುವ ಉತ್ತರ ಬಹುತೇಕ ಒಂದೇ: “ನಮ್ಮದೆಲ್ಲ ಸವೆದುಹೋದ ಸರಕು, ಯಾರಿಗೆ ಬೇಕು? ಹುಡುಗರನ್ನು ಕೇಳಿ.” ಕೇಳಲು ಇದು ವಿನಯದ ಮಾತು. ಇನ್ನಷ್ಟು ಓದಿಕೊಂಡವರು ಧರ್ಮದ ಆಧಾರವನ್ನೇ ಮುಂದೊಡ್ಡುತ್ತಾರೆ. ಹಳಸಿದ ಅನ್ನವನ್ನೂ ಹರಿದ ವಸ್ತ್ರವನ್ನೂ ಕೊಟ್ಟು ದಾನವೆನ್ನಬಾರದಷ್ಟೆ; ಹಾಗೆಯೇ ಜೀರ್ಣವಾದ ದೇಹದ ತುಂಡನ್ನು ಕೊಟ್ಟು ಪುಣ್ಯದ ಲೆಕ್ಕ ಬರೆದುಕೊಳ್ಳುವುದು ತಮಗೆ ಒಪ್ಪಿಗೆಯಿಲ್ಲ ಎನ್ನುತ್ತಾರೆ. ಇತ್ತ, ಪಡೆಯುವವರ ಕಡೆಯಲ್ಲಿ ಇದರದೇ ಪ್ರತಿಧ್ವನಿ. ಮೂತ್ರಪಿಂಡಕ್ಕಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾದ ರೋಗಿಯ ಬಂಧುಗಳು, ಆಸ್ಪತ್ರೆಯಿಂದ ಕರೆ ಬಂದ ಕೂಡಲೆ ಮೊದಲು ಕೇಳುವ ಪ್ರಶ್ನೆ ‘ದಾನಿಯ ವಯಸ್ಸೆಷ್ಟು?’ ಎಂಬುದು. ಅರುವತ್ತೆರಡು ಎಂದರೆ ಮುಖ ಬಾಡುತ್ತದೆ.

ಪ್ರಶ್ನೆಯೇ ಅನುಚಿತವೆಂದು ನಾನು ಹೇಳಲಾರೆ. ದಾನಿಯ ವಯಸ್ಸು ಲೆಕ್ಕಕ್ಕೇ ಬಾರದೆಂದು ವೇದಿಕೆಯ ಮೇಲೆ ಘೋಷಿಸುವ ಪ್ರಚಾರಕರೂ ಇದ್ದಾರೆ. ಅವರ ಉತ್ಸಾಹವನ್ನು ಗೌರವಿಸಬಹುದಾದರೂ ಅವರ ಮಾತನ್ನು ಒಪ್ಪಲಾಗದು. ಒಂದು ಒಳ್ಳೆಯ ಕಾರ್ಯಕ್ಕಾಗಿ ಹೇಳಿದ ಅರ್ಧಸತ್ಯವು ಕೇಳುಗನಿಗೆ ಗೊತ್ತಾದ ದಿನ ಆ ಕಾರ್ಯವನ್ನೇ ಕೆಡಿಸುತ್ತದೆ. ವಯಸ್ಸು ಲೆಕ್ಕಕ್ಕೆ ಬರುತ್ತದೆ. ಯಾವ ಅಂಗದಲ್ಲಿ, ಯಾರಿಗೆ ಕೊಡುವಾಗ, ಎಷ್ಟು ಎಂಬುದೇ ವಿಚಾರಿಸಬೇಕಾದ ಸಂಗತಿ. ಅದನ್ನು ವಿಚಾರಿಸುವ ತಾಳ್ಮೆ ಎರಡೂ ಪಕ್ಷದವರಲ್ಲಿಲ್ಲ.

ಮೂತ್ರಪಿಂಡವನ್ನೇ ತೆಗೆದುಕೊಳ್ಳೋಣ. ಅದರೊಳಗೆ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳಾದ ನೆಫ್ರಾನುಗಳು ಹುಟ್ಟುವಾಗಲೇ ಎಣಿಸಿಟ್ಟಂತೆ ಬಂದಿರುತ್ತವೆ. ಒಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು. ಆಮೇಲೆ ಹೊಸದು ಹುಟ್ಟುವುದಿಲ್ಲ. ಮಧ್ಯವಯಸ್ಸಿನ ನಂತರ ಅವು ಮೆಲ್ಲಮೆಲ್ಲನೆ ನಶಿಸುತ್ತ ಹೋಗುತ್ತವೆ, ಸೋಸುವ ಶಕ್ತಿ ವರ್ಷವರ್ಷಕ್ಕೂ ಕುಗ್ಗುತ್ತದೆ. ಆದುದರಿಂದ ಅರುವತ್ತೈದರ ದಾನಿಯ ಮೂತ್ರಪಿಂಡವು ಸರಾಸರಿಯಲ್ಲಿ ಇಪ್ಪತ್ತೈದರ ದಾನಿಯದಕ್ಕಿಂತ ಬೇಗ ಸೋಲುತ್ತದೆ. ಅಮೆರಿಕದಲ್ಲಿ 2002ರಲ್ಲಿ ಇದನ್ನು ಒಂದು ನಿಯಮವಾಗಿಯೇ ಬರೆದರು. ಅರುವತ್ತು ಮತ್ತು ಅದಕ್ಕೆ ಮೇಲ್ಪಟ್ಟ ಮೃತದಾನಿಯನ್ನೂ, ಐವತ್ತರಿಂದ ಐವತ್ತೊಂಬತ್ತರ ನಡುವಿನವರಲ್ಲಿ ರಕ್ತದೊತ್ತಡ, ಹೆಚ್ಚಿದ ಕ್ರಿಯಾಟಿನಿನ್, ಪಾರ್ಶ್ವವಾಯುವಿನಿಂದ ಮರಣ ಎಂಬ ಮೂರರಲ್ಲಿ ಎರಡು ಇದ್ದವರನ್ನೂ ಪ್ರತ್ಯೇಕ ವರ್ಗಕ್ಕೆ ಸೇರಿಸಿದರು. ಇಂತಹ ಮೂತ್ರಪಿಂಡವು ವಿಫಲವಾಗುವ ಸಂಭವವು ಉತ್ತಮ ದಾನಿಯದಕ್ಕಿಂತ ಒಂದೂ ಮುಕ್ಕಾಲು ಪಾಲಿನ ಹತ್ತಿರ ಎಂಬುದು ಆಗಿನ ಲೆಕ್ಕ. 2014ರಲ್ಲಿ ಅಲ್ಲಿಯವರೇ ಈ ಒರಟು ಗೆರೆಯನ್ನು ಅಳಿಸಿ, ವಯಸ್ಸಿನ ಜತೆಗೆ ಎತ್ತರ, ತೂಕ, ಮಧುಮೇಹ, ರಕ್ತದೊತ್ತಡ ಮೊದಲಾದ ಹಲವು ಅಂಶಗಳನ್ನು ಕೂಡಿಸಿ ತೂಗುವ ಕ್ರಮವನ್ನು ತಂದರು. ವಯಸ್ಸೊಂದೇ ಎಲ್ಲವನ್ನೂ ಹೇಳುವುದಿಲ್ಲವೆಂದು ವೈದ್ಯರು ಹನ್ನೆರಡು ವರ್ಷಗಳಲ್ಲಿ ಕಲಿತರು. ನಮ್ಮ ಅಂಗಡಿಕಟ್ಟೆಯ ಪಂಡಿತರು ಇನ್ನೂ ಕಲಿತಿಲ್ಲ.

ಹೃದಯದ ವಿಷಯದಲ್ಲಿ ವಯಸ್ಸಿನ ತೂಕ ಇನ್ನೂ ಹೆಚ್ಚು. ಐವತ್ತು ದಾಟಿದವರ ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿರಬಹುದೆಂಬ ಭಯದಿಂದ ಶಸ್ತ್ರವೈದ್ಯರು ಅದನ್ನು ಸ್ವೀಕರಿಸಲು ಹಿಂದೆಮುಂದೆ ನೋಡುತ್ತಾರೆ. ಯಕೃತ್ತಿನ ಕಥೆಯೇ ಬೇರೆ. ತನ್ನನ್ನು ತಾನು ಮತ್ತೆ ಬೆಳೆಸಿಕೊಳ್ಳಬಲ್ಲ ಆ ಅಂಗವು ಮುಪ್ಪನ್ನು ಬಹಳ ನಿಧಾನವಾಗಿ ಒಪ್ಪಿಕೊಳ್ಳುತ್ತದೆ; ಎಂಬತ್ತು ದಾಟಿದವರ ಯಕೃತ್ತನ್ನು ಇಟಲಿ, ಸ್ಪೇನುಗಳಲ್ಲಿ ಕಸಿಮಾಡಿ ಯಶಸ್ಸು ಕಂಡಿದ್ದಾರೆ. ಹೆಪಟೈಟಿಸ್ ಸಿ ರೋಗವಿದ್ದವರಲ್ಲಿ ಮಾತ್ರ ಹಿರಿಯ ದಾನಿಯ ಯಕೃತ್ತು ಬೇಗ ಕೆಡುತ್ತಿತ್ತು. ಕಳೆದ ದಶಕದಲ್ಲಿ ಬಂದ ಹೊಸ ಗುಳಿಗೆಗಳು ಆ ವೈರಸ್ಸನ್ನೇ ನಿರ್ಮೂಲ ಮಾಡತೊಡಗಿದ ಮೇಲೆ ಆ ಆತಂಕವೂ ಬಹಳ ಮಟ್ಟಿಗೆ ಕಡಿಮೆಯಾಯಿತು.

ಈಗ ‘ಜೀರ್ಣದಾನ’ದ ಆಕ್ಷೇಪಕ್ಕೆ ಬರೋಣ. ದಾನದ ವಿಚಾರ ಬಂದಾಗ ನಮ್ಮವರು ನೆನೆಯಬೇಕಾದ ಗ್ರಂಥ ತತ್ತ್ವಾರ್ಥಸೂತ್ರ. ಅದರ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ದಾನದ ತಾರತಮ್ಯವನ್ನು ನಿರ್ಣಯಿಸುವಾಗ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಹೇಳಿದ್ದಾರೆ. ಜೀರ್ಣದಾನದ ವಾದಿಗಳು ಇವುಗಳಲ್ಲಿ ದ್ರವ್ಯವೊಂದನ್ನೇ ಹಿಡಿದು ಉಳಿದ ಮೂರನ್ನು ಕೈಬಿಟ್ಟಿದ್ದಾರೆ. ಅದರಲ್ಲಿಯೂ ಪಾತ್ರವನ್ನು, ಎಂದರೆ ಪಡೆಯುವವನನ್ನು, ಪೂರ್ಣವಾಗಿ ಮರೆತಿದ್ದಾರೆ. ಹರಿದ ವಸ್ತ್ರವನ್ನು ಕೊಡಬಾರದೇಕೆ? ಪಡೆದವನ ಮೈ ಅದರಿಂದ ಮುಚ್ಚುವುದಿಲ್ಲ, ಅದಕ್ಕೆ. ಮೈ ಮುಚ್ಚುವುದಾದರೆ, ಬಟ್ಟೆ ನೇಯ್ದ ವರ್ಷವನ್ನು ಕೇಳುವವನು ಚಳಿಯಲ್ಲಿ ನಡುಗುವವನಲ್ಲ. ಬೆಚ್ಚಗೆ ಕುಳಿತು ವಿಮರ್ಶಿಸುವವನು.

ಪಾತ್ರವನ್ನು ನೋಡಿ ದ್ರವ್ಯವನ್ನು ಹೊಂದಿಸುವ ಈ ಕೆಲಸವನ್ನು ಯುರೋಪಿನವರು 1999ರಲ್ಲಿ ಒಂದು ವ್ಯವಸ್ಥೆಯಾಗಿಯೇ ಆರಂಭಿಸಿದರು. ಜರ್ಮನಿ, ಆಸ್ಟ್ರಿಯಾ, ನೆದರ್ಲೆಂಡ್ಸ್, ಬೆಲ್ಜಿಯಂ ಮೊದಲಾದ ದೇಶಗಳು ಸೇರಿದ ಯುರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆಯು ಅರುವತ್ತೈದು ಮತ್ತು ಅದಕ್ಕೆ ಮೇಲ್ಪಟ್ಟ ದಾನಿಯ ಮೂತ್ರಪಿಂಡವನ್ನು ಅದೇ ವಯಸ್ಸಿನ ರೋಗಿಗೆ ಕೊಡುವ ಏರ್ಪಾಡು ಮಾಡಿತು. ಅಂಗವು ಹೆಚ್ಚು ಹೊತ್ತು ಮಂಜುಗಡ್ಡೆಯಲ್ಲಿ ಕಾಯದಂತೆ, ಸಮೀಪದ ಊರಿನವರಿಗೇ ಆದ್ಯತೆ. ಇದರ ತರ್ಕ ಸರಳವಾದುದು. ಎಪ್ಪತ್ತರ ರೋಗಿಗೆ ಇನ್ನು ಮೂವತ್ತು ವರ್ಷ ದುಡಿಯಬಲ್ಲ ಮೂತ್ರಪಿಂಡ ಬೇಕಿಲ್ಲ. ಆತನ ಶೇಷಾಯುಷ್ಯಕ್ಕೆ ಸಾಲುವಂತಹುದು ಇಂದೇ ಬೇಕು. ಕಾಯುತ್ತ ಕುಳಿತರೆ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ, ಪ್ರತಿ ವರ್ಷವೂ ಬಲಗುಂದಿ, ಕೊನೆಗೆ ಕಸಿಗೇ ಅನರ್ಹನಾಗುತ್ತಾನೆ. ಅಮೆರಿಕದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಕಾಯುವ ಅವಧಿ ದೀರ್ಘವಾಗಿರುವ ಪ್ರದೇಶಗಳಲ್ಲಿ, ನಲವತ್ತು ಮೀರಿದ ರೋಗಿಗಳಿಗೆ, ಎಳೆಯ ದಾನಿಗಾಗಿ ಕಾಯುವುದಕ್ಕಿಂತ ಹಿರಿಯ ದಾನಿಯ ಮೂತ್ರಪಿಂಡವನ್ನು ಒಪ್ಪಿಕೊಂಡರೇ ಆಯುಸ್ಸು ಹೆಚ್ಚು. ನಮ್ಮ ದೇಶದಲ್ಲಿ ಕಾಯುವ ಅವಧಿ ದೀರ್ಘವೇ ಅಲ್ಲವೇ ಎಂದು ಕೇಳುವ ಅಗತ್ಯವೇ ಇಲ್ಲ. ಕರ್ನಾಟಕದಲ್ಲಿ 2023ರ ಇಡೀ ವರ್ಷದಲ್ಲಿ ದೊರೆತ ಮೃತದಾನಿಗಳು 178 ಜನ, ಕಾಯುತ್ತಿರುವವರು ಸಾವಿರಗಟ್ಟಲೆ. ಸ್ಪೇನಿನಲ್ಲಿಯಾದರೋ ಮೃತದಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರುವತ್ತು ದಾಟಿದವರೇ. ಆ ದೇಶವು ಅಂಗದಾನದಲ್ಲಿ ಜಗತ್ತಿಗೇ ಮೇಲ್ಪಂಕ್ತಿಯಾದದ್ದು ಅಲ್ಲಿಯ ತರುಣರು ಹೆಚ್ಚಾಗಿ ಸತ್ತುದರಿಂದಲ್ಲ, ವೃದ್ಧರನ್ನು ಹಲ್ಲು ನೋಡಿ ಬದಿಗೆ ತಳ್ಳದೆ ಇದ್ದುದರಿಂದ.

ಭಾರತದಲ್ಲಿಯೂ ಪಡೆಯುವವರ ವಯಸ್ಸಿಗೆ ಬೇಲಿಯಿತ್ತು. ಅರುವತ್ತೈದು ಮೀರಿದವರು ಮೃತದಾನಿಯ ಅಂಗಕ್ಕೆ ಹೆಸರು ನೋಂದಾಯಿಸಕೂಡದೆಂಬ ಆ ನಿರ್ಬಂಧವನ್ನು ಕೇಂದ್ರ ಸರ್ಕಾರವು 2023ರಲ್ಲಿ ತೆಗೆದುಹಾಕಿತು. ಅಲ್ಲಿಗೆ ಪಡೆಯುವ ಸಾಲಿನಲ್ಲಿ ನಿಲ್ಲಲು ಹಿರಿಯರಿಗೆ ಹಕ್ಕು ಬಂತು. ಪಡೆಯುವಾಗ ಎಪ್ಪತ್ತು ಹೆಚ್ಚಲ್ಲ, ಕೊಡುವಾಗ ಮಾತ್ರ ಅರುವತ್ತೇ ಹೆಚ್ಚು ಎಂಬ ಲೆಕ್ಕ ಎಲ್ಲಿಯ ನ್ಯಾಯ?

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮೂರು ಊರುಗಳ ಮಟ್ಟಿಗೆ ಮುಖ್ಯ ಮಾತು ಬಾಕಿಯೇ ಇದೆ. ಮೂತ್ರಪಿಂಡ, ಯಕೃತ್ತು, ಹೃದಯಗಳ ಮರಣೋತ್ತರ ದಾನವು ಸಾಮಾನ್ಯವಾಗಿ ಮಿದುಳು ನಿಷ್ಕ್ರಿಯಗೊಂಡು ಯಂತ್ರದ ನೆರವಿನಿಂದ ಹೃದಯ ಮಿಡಿಯುತ್ತಿರುವವರಿಂದ ಮಾತ್ರ ಸಾಧ್ಯ. ನಾಲ್ವರು ವೈದ್ಯರ ಮಂಡಲಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಪ್ರಮಾಣೀಕರಿಸಬೇಕು. ಅದಕ್ಕೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆ ಬೇಕು. ತರೀಕೆರೆಯ ಅಡಿಕೆ ತೋಟದ ಮನೆಯಲ್ಲಿ, ಕಡೂರಿನ ಪೇಟೆಬೀದಿಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಹಾಸಿಗೆಯ ಮೇಲೆ ಕಣ್ಮುಚ್ಚುವ ಎಂಬತ್ತರ ಅಜ್ಜಿಯಿಂದ ಆ ಅಂಗಗಳನ್ನು ಯಾರೂ ಕೇಳಲಾರರು. ಆಕೆ ಕೊಡಬಹುದಾದ ಮುಖ್ಯ ದಾನ ಕಣ್ಣು. ಮತ್ತು ದಾನಿಯ ವಯಸ್ಸು ಅತ್ಯಂತ ಕಡಿಮೆ ಲೆಕ್ಕಕ್ಕೆ ಬರುವ ದಾನವೂ ಅದೇ.

ಇದು ನನ್ನ ಭಾವುಕತೆಯಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು, ಎಂದರೆ ಕಾರ್ನಿಯಾವನ್ನು, ತಿಳಿಯಾಗಿಡುವುದು ಅದರ ಒಳಮೈಯಲ್ಲಿ ಹಾಸಿದಂತಿರುವ ಒಂದು ಪದರ ಜೀವಕೋಶಗಳು. ಅವು ನೀರನ್ನು ನಿರಂತರವಾಗಿ ಹೊರದೂಡುತ್ತಿರುತ್ತವೆ. ಆ ಕೆಲಸ ನಿಂತರೆ ಪಟಲ ಊದಿ ಮಬ್ಬಾಗುತ್ತದೆ. ಪ್ರಾಯದವರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2,500ರಿಂದ 3,000 ಕೋಶಗಳಿರುತ್ತವೆ. ಇವೂ ಮತ್ತೆ ಹುಟ್ಟುವುದಿಲ್ಲ, ನಿಜ. ಆದರೆ ಸವೆಯುವುದು ವರ್ಷಕ್ಕೆ ನೂರರಲ್ಲಿ ಒಂದಂಶಕ್ಕಿಂತಲೂ ಕಡಿಮೆ. ಮಬ್ಬು ಕವಿಯುವುದು ಕೋಶಗಳು ಸುಮಾರು ಐನೂರಕ್ಕೆ ಇಳಿದಾಗ. ಹೀಗಾಗಿ ಎಪ್ಪತ್ತು ದಾಟಿದ ಎಷ್ಟೋ ಜನರ ಕಾರ್ನಿಯಾದಲ್ಲಿ ಇನ್ನೂ ಬೇಕಾದಷ್ಟು ಬಂಡವಾಳ ಉಳಿದಿರುತ್ತದೆ. ನೇತ್ರಬ್ಯಾಂಕಿನವರು ಸೂಕ್ಷ್ಮದರ್ಶಕದ ಕೆಳಗೆ ಕೋಶಗಳನ್ನು ಎಣಿಸಿಯೇ ಆಯ್ಕೆ ಮಾಡುತ್ತಾರೆ. ಅವರು ಎಣಿಸುವುದು ಕೋಶಗಳನ್ನು, ಹುಟ್ಟಿದ ವರ್ಷವನ್ನಲ್ಲ.

ಅಮೆರಿಕದಲ್ಲಿ 2000ದಿಂದ 2002ರವರೆಗೆ ಕಾರ್ನಿಯಾ ಕಸಿ ಮಾಡಿಸಿಕೊಂಡ ಸಾವಿರಕ್ಕೂ ಹೆಚ್ಚು ಜನರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ ಒಂದು ದೊಡ್ಡ ಅಧ್ಯಯನವಿದೆ. ದಾನಿಗಳ ವಯಸ್ಸು ಹನ್ನೆರಡರಿಂದ ಎಪ್ಪತ್ತೈದು. ಐದು ವರ್ಷಗಳ ಕೊನೆಯಲ್ಲಿ ಅರುವತ್ತೈದರವರೆಗಿನ ದಾನಿಗಳ ಕಾರ್ನಿಯಾಗಳೂ ಅರುವತ್ತಾರರಿಂದ ಎಪ್ಪತ್ತೈದರವರ ಕಾರ್ನಿಯಾಗಳೂ ನೂರಕ್ಕೆ 86ರಂತೆ ಸರಿಸಮವಾಗಿ ಉಳಿದಿದ್ದವು. ಹತ್ತು ವರ್ಷಗಳ ಕೊನೆಗೆ ಮೊದಲನೆಯವರದು 77, ಎರಡನೆಯವರದು 71. ಈ ಅಂತರವು ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ನಿರ್ಣಾಯಕವಲ್ಲವೆಂದೇ ಅಧ್ಯಯನಕಾರರು 2013ರಲ್ಲಿ ಬರೆದರು. ಒಳಹೊಕ್ಕು ನೋಡಿದರೆ ತೀರ ಎಳೆಯರ ಕಾರ್ನಿಯಾಗಳು, ಅಂದರೆ ಮೂವತ್ತಮೂರರವರೆಗಿನವರದು, ನೂರಕ್ಕೆ 96 ಉಳಿದಿದ್ದವು. ಎಪ್ಪತ್ತೆರಡು ದಾಟಿದವರದು 62. ಈ ಎರಡು ತುದಿಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಮೂವತ್ತನಾಲ್ಕರಿಂದ ಎಪ್ಪತ್ತೊಂದರವರೆಗೆ, ಎಂದರೆ ಒಂದು ಇಡೀ ಬಾಳಿನ ಉದ್ದಕ್ಕೆ, ಫಲಿತಾಂಶ ಹೆಚ್ಚು ಕಡಿಮೆ ಒಂದೇ: ನೂರಕ್ಕೆ 75. ಇನ್ನು ಎಪ್ಪತ್ತೆರಡು ದಾಟಿದವರ 62ನ್ನು ಕಡಿಮೆಯೆನ್ನುವವರು, ಕಣ್ಣು ಕಾಣದೆ ಗೋಡೆ ಹಿಡಿದು ನಡೆಯುವವನಿಗೆ ಸೊನ್ನೆಯ ಬದಲು ಹತ್ತು ವರ್ಷದ ಬೆಳಕು ಸಿಗುವ ಸಂಭವ ನೂರರಲ್ಲಿ ಅರುವತ್ತೆರಡು ಎಂದು ಓದಿಕೊಳ್ಳಲಿ.

ಕಾರ್ನಿಯಾ ಕಸಿಯ ಇತಿಹಾಸವೂ ಈ ದಿಕ್ಕಿನಲ್ಲಿಯೇ ನಡೆದು ಬಂದಿದೆ. 1905ರಲ್ಲಿ ಎಡ್ವರ್ಡ್ ಸಿರ್ಮ್ ಎಂಬ ವೈದ್ಯನು ಮೊದಲ ಯಶಸ್ವಿ ಕಸಿಯನ್ನು ಮಾಡಿದಾಗ ಅದಕ್ಕೆ ಒದಗಿದ್ದು ಹನ್ನೊಂದು ವರ್ಷದ ಜೀವಂತ ಬಾಲಕನ, ಪೆಟ್ಟಾಗಿ ತೆಗೆಯಬೇಕಾಗಿ ಬಂದ ಕಣ್ಣು. ಅಂತಹ ದುರ್ದೈವಕ್ಕೆ ಕಾಯಬೇಕಿಲ್ಲ, ಮೃತರ ಕಣ್ಣೂ ಸಲ್ಲುತ್ತದೆ ಎಂಬುದನ್ನು 1930ರ ದಶಕದಲ್ಲಿ ಒಡೆಸ್ಸಾದ ಫಿಲಾತೊವ್ ಸಾಧಿಸಿ ತೋರಿಸಿದರು. ಅಷ್ಟು ದೂರ ಹೋಗುವುದೇಕೆ? ಡಾ. ರಾಜ್‌ಕುಮಾರ್ ಅವರು 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರಿಗೆ 76 ವರ್ಷ. ಅವರ ಕಣ್ಣುಗಳು ದಾನವಾದುದನ್ನು ಅಂದು ಇಡೀ ನಾಡು ಕೇಳಿ ಕಣ್ಣೊರೆಸಿಕೊಂಡಿತು. ಕಣ್ಣೊರೆಸಿಕೊಂಡವರಲ್ಲಿ ಎಷ್ಟು ಜನ ಆ ದಾನಿಯ ವಯಸ್ಸನ್ನು ಗಮನಿಸಿದರೋ ತಿಳಿಯದು. 2021ರ ಅಕ್ಟೋಬರಿನಲ್ಲಿ ಮಗ ಪುನೀತ್ 46ನೆಯ ವಯಸ್ಸಿನಲ್ಲಿ ಅಗಲಿದಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿಮಾಡಿದರು. ಮಗನ ಎಳೆಯ ಕಣ್ಣನ್ನು ಕೊಂಡಾಡುವವರು ತಂದೆಯ ಹಿರಿಯ ಕಣ್ಣನ್ನೂ ನೆನೆಯಲಿ. ಪುನೀತರ ನಿಧನಾನಂತರ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಆದರೆ ಹೆಸರು ಬರೆಸಿದ ತರುಣನು ನೂರು ವರ್ಷ ಬಾಳಲಿ ಎಂದೇ ನಾವು ಹಾರೈಸುತ್ತೇವೆ. ಈ ವರ್ಷ ಬೇಕಾದ ಕಣ್ಣುಗಳು ಈ ವರ್ಷ ತೀರಿಕೊಳ್ಳುವ ಹಿರಿಯರಿಂದಲೇ ಬರಬೇಕಷ್ಟೆ.

‘ಹುಡುಗರನ್ನು ಕೇಳಿ’ ಎಂಬ ಮಾತಿನೊಳಗಿನ ಕ್ರೌರ್ಯ ಇಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಕಡೂರು ತಾಲ್ಲೂಕಿನ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಿಂದ ಬಿದ್ದು ಮಿದುಳು ನಿಷ್ಕ್ರಿಯಗೊಂಡಾಗ, ಆಕೆಯ ಹೃದಯವು ಚಿಕ್ಕಮಗಳೂರಿನಿಂದ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋದುದನ್ನು ಜಿಲ್ಲೆಗೆ ಜಿಲ್ಲೆಯೇ ಕಂಡಿತು. ಆ ತಂದೆತಾಯಿಗಳ ದೊಡ್ಡತನಕ್ಕೆ ಮಾತಿಲ್ಲ. ನಾವು ಹೂಮಾಲೆ ಹಾಕಿದೆವು, ಭಾಷಣ ಮಾಡಿದೆವು. ಆದರೆ ಅಂಗದಾನವೆಂದರೆ ಎಳೆಯರ ಅಪಘಾತ ಎಂದೇ ಅರ್ಥ ಮಾಡಿಕೊಂಡು, ತಮ್ಮ ಸರದಿಯನ್ನು ತಪ್ಪಿಸಿಕೊಳ್ಳುವ ಹಿರಿಯನು ಪರೋಕ್ಷವಾಗಿ ಏನನ್ನು ನಿರೀಕ್ಷಿಸುತ್ತಿದ್ದಾನೆ? ಹೆದ್ದಾರಿಯ ಮೇಲೆ ಇನ್ನೊಂದು ಮನೆಯ ಮಗು ಬೀಳಲಿ ಎಂಬುದನ್ನೇ ಅಲ್ಲವೇ? ಅಹಿಂಸೆಯನ್ನು ಮಾತುಮಾತಿಗೆ ನೆನೆಯುವವರು ಈ ನಿರೀಕ್ಷೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು.

ಜೀವಂತ ದಾನಿಗಳ ವಿಷಯದಲ್ಲಿ ಈ ಎಳೆಯ ಅಂಗದ ಮೋಹವು ಇನ್ನೂ ಅಪಾಯಕಾರಿ. ಮೂತ್ರಪಿಂಡದ ವ್ಯಾಪಾರವು ದೇಶದಲ್ಲಿ ಹಬ್ಬಿದ್ದ ಕಾಲದಲ್ಲಿ ಸರಕಾಗಿದ್ದವರು ಸಾಲದಲ್ಲಿ ಮುಳುಗಿದ ಬಡವರು. ಅದನ್ನು ತಡೆಯಲೆಂದೇ 1994ರಲ್ಲಿ ಮಾನವ ಅಂಗಗಳ ಕಸಿ ಕಾಯಿದೆ ಬಂತು. 2011ರ ತಿದ್ದುಪಡಿಯು ಹತ್ತಿರದ ಬಂಧುಗಳ ಪಟ್ಟಿಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಅಜ್ಜಿಯು ಮೊಮ್ಮಗುವಿಗೆ ಕೊಡುವ ದಾರಿ ತೆರೆದದ್ದು ಒಳ್ಳೆಯದೇ. ಆದರೆ ಹದಿನೆಂಟು ತುಂಬಿದ ಮೊಮ್ಮಗನು ಎಪ್ಪತ್ತರ ಅಜ್ಜನಿಗೆ ಕೊಡುವುದಕ್ಕೂ ಕಾಯಿದೆಯ ಅಡ್ಡಿಯಿಲ್ಲ. ಕಾಯಿದೆಯ ಅಡ್ಡಿಯಿಲ್ಲದ ಎಲ್ಲವೂ ಧರ್ಮವಾಗದು. ಆ ಹುಡುಗ ಒಂಟಿ ಮೂತ್ರಪಿಂಡದೊಂದಿಗೆ ಇನ್ನು ಐವತ್ತು ಅರುವತ್ತು ವರ್ಷ ಬಾಳಬೇಕು. ಅವನು ಕೊಟ್ಟದ್ದಾದರೋ ಅಜ್ಜನ ಆಯುಸ್ಸಿನೊಂದಿಗೆ ಅರ್ಧದಲ್ಲಿಯೇ ಮಣ್ಣಾಗುತ್ತದೆ. ದಾನಿಯ ವಯಸ್ಸನ್ನು ಕಟ್ಟುನಿಟ್ಟಾಗಿ ಕೇಳಬೇಕಾದ ಜಾಗ ಇದು, ಮತ್ತು ‘ಬೇಡ’ ಎನ್ನಬೇಕಾದವನು ಅಜ್ಜನೇ. ಹಿರಿಯ ತಾಯಿಯೋ ಹೆಂಡತಿಯೋ ಕೊಡಲು ಮುಂದೆ ಬಂದರೂ ಲೆಕ್ಕ ಮುಗಿಯುವುದಿಲ್ಲ. ದೇಶದಲ್ಲಿ 2023ರಲ್ಲಿ ಜೀವಂತ ದಾನಿಗಳಾದವರಲ್ಲಿ ನೂರಕ್ಕೆ ಸುಮಾರು 63 ಜನ ಹೆಂಗಸರು. ಆಕೆಯ ವಯಸ್ಸನ್ನು, ಆಕೆಯ ರಕ್ತದೊತ್ತಡವನ್ನು ಪಡೆಯುವವನ ಹಿತಕ್ಕಾಗಿ ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಆಕೆಯ ಹಿತಕ್ಕಾಗಿಯೂ ಪರೀಕ್ಷಿಸುವ ಮನೆಗಳು ಎಷ್ಟಿವೆ?

ಕನ್ನಡಕವಿತ್ತು, ಮಧುಮೇಹವಿತ್ತು, ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು ಎಂಬ ಉಪನೆಪಗಳಿಗೆ ಹೆಚ್ಚು ಮಾತು ಬೇಡ. ಇವು ಯಾವುವೂ ನೇತ್ರದಾನಕ್ಕೆ ತಾವಾಗಿಯೇ ಅಡ್ಡಿಯಲ್ಲ. ರೇಬಿಸ್, ಏಡ್ಸ್, ಹೆಪಟೈಟಿಸ್, ರಕ್ತದ ಕ್ಯಾನ್ಸರ್ ಮೊದಲಾದ ಕೆಲವು ರೋಗಗಳಿದ್ದರೆ ಮಾತ್ರ ಕಸಿಗೆ ಬಾರದು. ಅದನ್ನು ನಿರ್ಣಯಿಸುವುದು ನೇತ್ರಬ್ಯಾಂಕಿನವರ ಕೆಲಸ; ಮನೆಯವರು ಮುಂಚಿತವಾಗಿಯೇ ತೀರ್ಪು ಕೊಟ್ಟು ಅವರ ಶ್ರಮ ಉಳಿಸಬೇಕಾಗಿಲ್ಲ.

ನಿಜವಾದ ತೊಡಕು ಗಡಿಯಾರದ್ದು. ಕಣ್ಣನ್ನು ಮರಣದ ನಂತರ ಆರು ಗಂಟೆಗಳೊಳಗೆ ತೆಗೆಯಬೇಕು. ಕಡೂರಿಗೆ ಚಿಕ್ಕಮಗಳೂರು ಹತ್ತಿರ, ತರೀಕೆರೆಗೆ ಶಿವಮೊಗ್ಗ. ಅಜ್ಜಂಪುರಕ್ಕೆ ಎರಡೂ ದೂರವೇ. 2011ರ ತಿದ್ದುಪಡಿಯ ನಂತರ ಕಾರ್ನಿಯಾ ತೆಗೆಯಲು ವೈದ್ಯರೇ ಬರಬೇಕೆಂದಿಲ್ಲ, ತರಬೇತಿ ಪಡೆದ ತಂತ್ರಜ್ಞರೂ ಬರಬಹುದು. ಮನೆಗೇ ಬಂದು ಅರ್ಧ ಗಂಟೆಯೊಳಗೆ ಮುಖ ಕೆಡದಂತೆ ಕೆಲಸ ಮುಗಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಸಾವಾದ ಕೂಡಲೆ ಮೊದಲ ಕರೆ ಬೆಂಗಳೂರಿನ ಮಗನಿಗೆ, ಎರಡನೆಯದು ಮುಂಬಯಿಯ ಮಗಳಿಗೆ, ಮೂರನೆಯದು ಶೀತಲ ಪೆಟ್ಟಿಗೆಯವನಿಗೆ. ಅಜ್ಜ ಎಂದೋ ಸಹಿ ಮಾಡಿಟ್ಟ ದಾನಪತ್ರ ಅಲಮಾರಿನಲ್ಲಿದ್ದೀತು. ಬಂಧುಗಳ ಒಪ್ಪಿಗೆಯಿಲ್ಲದೆ ಅದಕ್ಕೆ ಕಾಗದದ ಬೆಲೆಯೂ ಇಲ್ಲ. ಮಗ ಬಂದು ಒಪ್ಪಿಗೆ ಕೊಡುವ ಹೊತ್ತಿಗೆ ಏಳೆಂಟು ಗಂಟೆ ಕಳೆದಿರುತ್ತದೆ. ಆದುದರಿಂದ ಎಪ್ಪತ್ತು ದಾಟಿದವರು ಮಾಡಬೇಕಾದ ಕೆಲಸ ದಾನಪತ್ರಕ್ಕೆ ಸಹಿ ಹಾಕುವುದಷ್ಟೇ ಅಲ್ಲ. ಊಟಕ್ಕೆ ಎಲ್ಲರೂ ಕೂತಾಗ ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. ಸಮೀಪದ ನೇತ್ರಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿರುವವರು ಯಾರೇ ಆಗಲಿ, ಸೊಸೆಯೇ ಆಗಲಿ, ಪಕ್ಕದ ಮನೆಯವರೇ ಆಗಲಿ, ಮೊದಲು ಆ ಸಂಖ್ಯೆಗೆ, ಆಮೇಲೆ ಮುಂಬಯಿಗೆ ಕರೆ ಮಾಡಬೇಕೆಂದು ಕಟ್ಟಪ್ಪಣೆ ಮಾಡಿಡಬೇಕು.